ಸ್ನಾನದ್ರವ್ಯಗಳಲ್ಲಿ ಶ್ರಾವಕನ ವಿವೇಕ: ಅಂಗರಾಗದಿಂದ ಸಾಬೂನಿನವರೆಗೆ

ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಕೇಶಲೋಚ, ಅಸ್ನಾನ, ಅದಂತಧಾವನ ಎಂಬ ಮೂರೂ ಸೇರಿವೆ. ದೇಹವನ್ನು ತೊಳೆದು ತಿದ್ದುವ ಆಸೆಯನ್ನೇ ತೊರೆದವರನ್ನು ಗುರುಗಳೆಂದು ವಂದಿಸುವ ಸಮಾಜದಲ್ಲಿ ತಲೆಗೆ ಹಾಕುವ ಎಣ್ಣೆ, ಮೈಗೆ ತಿಕ್ಕುವ ಹಿಟ್ಟು, ಮುಖಕ್ಕೆ ಹಚ್ಚುವ ಲೇಪ ಇವುಗಳ ಬಗೆಗೆ ಶಾಸ್ತ್ರವಿಚಾರ ಮಾಡುವುದು ಅನುಚಿತವೆಂದು ಕೆಲವರಿಗೆ ತೋರಬಹುದು. ಆದರೆ ಅಸ್ನಾನವ್ರತ ಮುನಿಗಳದು, ಗೃಹಸ್ಥನದಲ್ಲ. ಗೃಹಸ್ಥನು ಮಿಂದು ಶುಚಿಯಾಗಿಯೇ ಜಿನಪೂಜೆಗೆ ನಿಲ್ಲಬೇಕು. ಆದ್ದರಿಂದ ಅವನ ಸ್ನಾನದ ಮನೆಯೊಳಗೆ ಏನಿರಬೇಕು, ಎಷ್ಟಿರಬೇಕು ಎಂಬ ಪ್ರಶ್ನೆಯನ್ನು ನಮ್ಮ ಆಚಾರ್ಯರು ಅಲಕ್ಷ್ಯ ಮಾಡಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವ್ರತವನ್ನು ವಿವರಿಸುವಾಗ ಭೋಜನ, ವಾಹನ, ಶಯನಗಳ ಸಾಲಿನಲ್ಲಿಯೇ ಸ್ನಾನವನ್ನೂ ಅಂಗರಾಗವನ್ನೂ ಹೆಸರಿಸಿದ್ದಾರೆ. ಇವುಗಳಿಗೆ ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು ಅಥವಾ ಒಂದು ಅಯನದ ಅವಧಿಗೆ ಮಿತಿ ಹಾಕಿಕೊಳ್ಳುವುದೇ ನಿಯಮ. ಗಂಧವನ್ನು ಹಚ್ಚಲೇಬಾರದೆಂದು ಅವರು ಹೇಳಲಿಲ್ಲ, ಲೆಕ್ಕವಿಡು ಎಂದರು.

ಈ ಲೆಕ್ಕವು ಆಚರಣೆಯಲ್ಲಿ ಹೇಗಿತ್ತೆಂಬುದಕ್ಕೆ ಶ್ವೇತಾಂಬರ ಆಗಮಗಳಲ್ಲೊಂದಾದ ಉಪಾಸಕದಶಾಂಗದಲ್ಲಿ ಅಪೂರ್ವವಾದ ಸಾಕ್ಷ್ಯವಿದೆ. ಅದರ ಮೊದಲನೆಯ ಅಧ್ಯಯನ ವಾಣಿಜ್ಯಗ್ರಾಮದ ಗೃಹಪತಿ ಆನಂದನ ಕಥೆ. ಭಂಡಾರದಲ್ಲಿ ನಾಲ್ಕು ಕೋಟಿ, ವ್ಯಾಪಾರದಲ್ಲಿ ನಾಲ್ಕು ಕೋಟಿ, ಮನೆವಾರ್ತೆಯಲ್ಲಿ ನಾಲ್ಕು ಕೋಟಿ ಹಿರಣ್ಯವನ್ನು ತೊಡಗಿಸಿದ್ದ, ಹತ್ತು ಸಾವಿರ ಗೋವುಗಳ ನಾಲ್ಕು ವ್ರಜಗಳನ್ನು ಹೊಂದಿದ್ದ ಧನಿಕನಾತ. ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ವ್ರತ ಸ್ವೀಕರಿಸುವಾಗ ಆತನು ತನ್ನ ಸ್ನಾನದ ಪರಿಕರಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಮೈ ಒರೆಸಲು ಒಂದೇ ಬಗೆಯ ಗಂಧಕಾಷಾಯ ವಸ್ತ್ರ, ಹಲ್ಲುಜ್ಜಲು ಹಸಿಯ ಅತಿಮಧುರದ ಕಡ್ಡಿ, ಫಲಗಳಲ್ಲಿ ಕ್ಷೀರಾಮಲಕವೊಂದೇ, ಅಭ್ಯಂಗಕ್ಕೆ ಶತಪಾಕ, ಸಹಸ್ರಪಾಕ ಎಂಬ ಎರಡು ತೈಲಗಳು, ಉದ್ವರ್ತನಕ್ಕೆ, ಎಂದರೆ ಮೈಯ ಜಿಡ್ಡು ತೆಗೆಯಲು, ಸುಗಂಧ ಬೆರೆಸಿದ ಒಂದು ಹಿಟ್ಟು, ಮೀಯಲು ಎಂಟು ಕೊಡ ನೀರು, ವಿಲೇಪನಕ್ಕೆ ಅಗರು, ಕುಂಕುಮಕೇಸರಿ, ಚಂದನ. ಇಷ್ಟನ್ನು ಬಿಟ್ಟು ಉಳಿದುದೆಲ್ಲಕ್ಕೂ ಪ್ರತ್ಯಾಖ್ಯಾನ.

ಈ ಪಟ್ಟಿಯನ್ನು ನಿಧಾನವಾಗಿ ಓದಬೇಕು. ಕ್ಷೀರಾಮಲಕವನ್ನು ತಿನ್ನುವ ಹಣ್ಣೆಂದು ಭಾವಿಸಬಾರದು. ಅದು ತಲೆ ತೊಳೆಯುವುದಕ್ಕೆ ಬಳಸುತ್ತಿದ್ದ ನೆಲ್ಲಿ. ಹನ್ನೊಂದನೆಯ ಶತಮಾನದ ವ್ಯಾಖ್ಯಾನಕಾರ ಅಭಯದೇವಸೂರಿಗಳು ಶತಪಾಕಕ್ಕೆ ಒಂದಕ್ಕಿಂತ ಹೆಚ್ಚು ಅರ್ಥ ಕೊಟ್ಟಿದ್ದಾರೆ: ನೂರು ಮೂಲಿಕೆಗಳ ಕಷಾಯದಲ್ಲಿ ಬೆಂದುದು, ಇಲ್ಲವೆ ನೂರು ನಾಣ್ಯ ಬೆಲೆಯಿಂದ ಸಿದ್ಧವಾದುದು. ಉದ್ವರ್ತನದ ಹಿಟ್ಟು ಗೋಧಿಯದೆಂದು ವ್ಯಾಖ್ಯಾನದಿಂದ ತಿಳಿಯುತ್ತದೆ. ಎಣ್ಣೆ, ಎಣ್ಣೆಯನ್ನು ಹೀರುವ ಹಿಟ್ಟು, ತಲೆಗೆ ಹುಳಿ ಮತ್ತು ಒಗರಿನ ಕಾಯಿ, ಕೊನೆಗೆ ತಂಪಿನ ಲೇಪ ಎಂಬ ಈ ಕ್ರಮವು ನಮ್ಮ ಅಜ್ಜಿಯರು ದೀಪಾವಳಿಯ ಎಣ್ಣೆಸ್ನಾನದಲ್ಲಿ ಅನುಸರಿಸುತ್ತಿದ್ದ ಕ್ರಮಕ್ಕಿಂತ ಹೆಚ್ಚು ಭಿನ್ನವಲ್ಲ. ಆನಂದನು ಬಡತನವನ್ನು ವರಿಸಿದವನಲ್ಲ. ಆತನ ತೈಲಗಳು ದುಬಾರಿಯಾದುವೇ. ಆದರೆ ಎಂಟು ಕೊಡ ನೀರೆಂದರೆ ಎಂಟೇ ಕೊಡ. ಇಂದು ನಮ್ಮ ಸ್ನಾನದ ಮನೆಯ ಗೂಡಿನಲ್ಲಿರುವ ಸೀಸೆಗಳನ್ನು ಆನಂದನಂತೆ ಹೆಸರು ಹೇಳಿ ಎಣಿಸಲು ನಮ್ಮಲ್ಲಿ ಎಷ್ಟು ಮಂದಿಗೆ ಸಾಧ್ಯವಾದೀತು?

‘ಎಷ್ಟು’ ಎಂಬುದು ಮೊದಲ ಪ್ರಶ್ನೆಯಾದರೆ ‘ಯಾವುದರಿಂದ’ ಎಂಬುದು ಎರಡನೆಯದು. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸಮಂತಭದ್ರರು ಗೃಹಸ್ಥನ ಅಷ್ಟಮೂಲಗುಣಗಳಲ್ಲಿ ಸೇರಿಸಿದ್ದಾರೆ. ಅಮೃತಚಂದ್ರಸೂರಿಗಳ ಪುರುಷಾರ್ಥಸಿದ್ಧ್ಯುಪಾಯವು ಜೇನಿನ ವಿಷಯದಲ್ಲಿ ಇನ್ನೂ ನಿಷ್ಠುರ. ಹುಟ್ಟಿನಿಂದ ತಾನಾಗಿ ತೊಟ್ಟಿಕ್ಕಿದ ಜೇನಿನಲ್ಲಿಯೂ ಹಿಂಸೆ ತಪ್ಪದೆಂಬುದು ಅವರ ಅಭಿಪ್ರಾಯ. ಈ ವಚನಗಳು ಆಹಾರವನ್ನು ಕುರಿತವು, ಮುಖಕ್ಕೆ ಹಚ್ಚುವ ಜೇನಿಗೆ ಅನ್ವಯಿಸವು ಎಂದು ವಾದಿಸುವವರುಂಟು. ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಹಿಂಸೆ ನಡೆಯುವುದು ಜೇನುಹುಟ್ಟಿನಲ್ಲಿ. ನಾಲಗೆಯ ಮೇಲಾಗಲಿ ಕೆನ್ನೆಯ ಮೇಲಾಗಲಿ ಅಲ್ಲ. ಕೊಂದು ತಂದ ದ್ರವ್ಯವನ್ನು ನುಂಗದೆ ಮೈಗೆ ಹಚ್ಚಿಕೊಂಡ ಮಾತ್ರಕ್ಕೆ ಕೊಂದುದು ಇಲ್ಲವಾಗದು.

ಈ ವಿವೇಕವನ್ನು ಔಷಧಶಾಸ್ತ್ರದಲ್ಲಿ ಮೊದಲಿಗೆ ದುಡಿಸಿಕೊಂಡವರು ನಮ್ಮ ನಾಡಿನ ಜೈನ ವೈದ್ಯರೆಂಬುದು ಅಭಿಮಾನದ ಸಂಗತಿ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ಕಲ್ಯಾಣಕಾರಕದ ಕೊನೆಯಲ್ಲಿ ಹಿತಾಹಿತಾಧ್ಯಾಯವಿದೆ. ಮಾಂಸವು ಔಷಧವಲ್ಲವೆಂದು ನೃಪತುಂಗನ ಸಭೆಯಲ್ಲಿ ಮಂಡಿಸಿದ ವಾದವದು. 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಈ ಗ್ರಂಥ ಮುದ್ರಣಗೊಂಡಿತು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಆತನು ಹೇಳುವ ಚಿಕಿತ್ಸೆ ಸಂಪೂರ್ಣ ಸಸ್ಯಮೂಲವಾದುದು, ಮದ್ಯವರ್ಜಿತವಾದುದು. ಪ್ರಾಣಿದ್ರವ್ಯಗಳಿಲ್ಲದೆ ವೈದ್ಯವೇ ಇಲ್ಲವೆಂಬ ಕಾಲದಲ್ಲಿ, ಅವುಗಳಿಲ್ಲದೆಯೂ ಯೋಗಗಳನ್ನು ಕಟ್ಟಬಹುದೆಂದು ತೋರಿಸಿದ ಸಾಹಸವಿದು.

ಅಂತಹ ವಿವೇಕ ಏಕೆ ಬೇಕಾಗಿತ್ತೆಂಬುದು ಅಂದಿನ ಗಂಧಯುಕ್ತಿಗಳನ್ನು ನೋಡಿದರೆ ಸ್ಪಷ್ಟವಾಗುತ್ತದೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿ ಎಂಬ ಅಧ್ಯಾಯವೇ ಇದೆ. ನರೆಗೂದಲನ್ನು ಕಪ್ಪಾಗಿಸುವ ಯೋಗದಿಂದ ಅದು ಆರಂಭವಾಗುತ್ತದೆ: ಹಾರಕದ ಅಕ್ಕಿಯನ್ನು ಕಬ್ಬಿಣದ ಪುಡಿಯೊಡನೆ ಕಬ್ಬಿಣದ ಪಾತ್ರೆಯಲ್ಲಿ ಹುಳಿನೀರು ಹಾಕಿ ಬೇಯಿಸಿ, ಅರೆದು, ತಲೆಗೆ ಹಚ್ಚಿ ಎಲೆಗಳಿಂದ ಮುಚ್ಚುವುದು, ಬಳಿಕ ನೆಲ್ಲಿಯ ಲೇಪ. ಕಬ್ಬಿಣವೂ ನೆಲ್ಲಿಯ ಒಗರೂ ಕೂಡಿದರೆ ಕಪ್ಪು ಬಣ್ಣ ಬರುವುದನ್ನು ಇಂದಿನ ರಸಾಯನಶಾಸ್ತ್ರವೂ ಒಪ್ಪುತ್ತದೆ. ಮುಂದೆ ಹದಿನಾರು ದ್ರವ್ಯಗಳನ್ನು ನಾಲ್ಕು ನಾಲ್ಕಾಗಿ ಬೇರೆ ಬೇರೆ ಪ್ರಮಾಣಗಳಲ್ಲಿ ಕೂಡಿಸಿದರೆ 1,74,720 ಗಂಧಗಳಾಗುತ್ತವೆಂದು ವರಾಹಮಿಹಿರನು ಲೆಕ್ಕ ಹಾಕುತ್ತಾನೆ. ಗಣಿತ ಬೆರಗುಗೊಳಿಸುವಂತಹುದು. ಆದರೆ ಆ ಹದಿನಾರರಲ್ಲಿ ಚಂದನ, ಲಾವಂಚ, ಕರ್ಪೂರ, ತಗರಗಳ ನಡುವೆ ಸದ್ದಿಲ್ಲದೆ ಕುಳಿತಿರುವ ‘ನಖ’ ಎಂಬುದೊಂದುಂಟು. ಹೆಸರು ಕೇಳಿದರೆ ಯಾವುದೋ ಬೇರಿನ ತುಂಡೆನಿಸಬಹುದು. ಅದು ಕಡಲ ಬಸವನಹುಳು ತನ್ನ ಚಿಪ್ಪಿನ ಬಾಯಿಯನ್ನು ಮುಚ್ಚಿಕೊಳ್ಳುವ ಗಟ್ಟಿ ಮುಚ್ಚಳ. ಕಸ್ತೂರಿಗಾಗಿ ಗಂಡು ಮೃಗವನ್ನು ಬೇಟೆಯಾಡುತ್ತಿದ್ದುದನ್ನು ಎಲ್ಲರೂ ಬಲ್ಲರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಕಸ್ತೂರಿಮೃಗಕ್ಕೆ ರಕ್ಷಣೆ ದೊರೆತಿದೆ. ನಖವನ್ನು ಬಲ್ಲವರು ಕಡಿಮೆ. ಕಾಲಿಗೆ ಹಚ್ಚುತ್ತಿದ್ದ ಅಲಕ್ತಕದ ಕೆಂಪು ಅರಗಿನ ಹುಳುಗಳಿಂದ ಬಂದುದು. ಎಳೆಯ ಮಕ್ಕಳ ಮೈಗೆ ತಿಕ್ಕುವ ಲಾಕ್ಷಾದಿ ತೈಲದ ಹೆಸರಿನಲ್ಲಿಯೇ ಲಾಕ್ಷಾ, ಎಂದರೆ ಅರಗು, ಇದೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ದಂತವಾಣಿಜ್ಯದ ಜೊತೆಗೆ ಲಾಕ್ಷಾವಾಣಿಜ್ಯವನ್ನೂ ಎಣಿಸುವುದು ಸುಮ್ಮನೆಯಲ್ಲ. ಅದೇ ಪಟ್ಟಿಯಲ್ಲಿ ಯಂತ್ರಪೀಡನವೂ, ಎಂದರೆ ಗಾಣದ ಉದ್ಯೋಗವೂ, ಇದೆ ಎಂಬುದನ್ನು ಮರೆಯಬಾರದು. ಶುದ್ಧ ಎಳ್ಳೆಣ್ಣೆಯೆಂದು ಹೆಮ್ಮೆಪಡುವವರಿಗೂ ಮಿತಿಯ ಮಾತು ತಪ್ಪಿದ್ದಲ್ಲ.

ಕನ್ನಡದಲ್ಲಿ ಗಂಧಯುಕ್ತಿಗೆ ಹನ್ನೊಂದನೆಯ ಶತಮಾನದಲ್ಲಿಯೇ ಸ್ಥಾನ ದೊರೆಯಿತು. ಚಾಳುಕ್ಯ ಜಯಸಿಂಹನ ಕಾಲದಲ್ಲಿದ್ದ ಚಾವುಂಡರಾಯನ ಲೋಕೋಪಕಾರವು ಮನೆ ಕಟ್ಟುವುದು, ಜಲ ಶೋಧಿಸುವುದು, ಅಡುಗೆ ಇವುಗಳೊಡನೆ ಸುಗಂಧದ್ರವ್ಯಗಳ ತಯಾರಿಕೆಯನ್ನೂ ಗೃಹಸ್ಥರಿಗೆ ತಿಳಿಸುತ್ತದೆ. (ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಬೇರೆ, ಈತನು ಬೇರೆ.) ಆದರೆ ಜನಸಾಮಾನ್ಯರ ಮನೆಯಲ್ಲಿ ಕಸ್ತೂರಿಯೂ ಇರಲಿಲ್ಲ, ಕೇಸರಿಯೂ ಇರಲಿಲ್ಲ. ಅಲ್ಲಿದ್ದುದು ಸೀಗೆಕಾಯಿ, ಅಂಟುವಾಳ, ಚಿಗರೆಪುಡಿ, ಹೆಸರುಹಿಟ್ಟು, ಕಡಲೆಹಿಟ್ಟು, ಮೆಂತ್ಯ, ದಾಸವಾಳದ ಎಲೆ, ಅರಿಶಿನ. ಸೀಗೆ ಮತ್ತು ಅಂಟುವಾಳಗಳಲ್ಲಿರುವ ಸಪೋನಿನ್ ಎಂಬ ಅಂಶವೇ ನೊರೆ ಬರಿಸಿ ಜಿಡ್ಡನ್ನು ಬಿಡಿಸುವುದು. ಸಾಬೂನಿನಂತೆ ಅದು ಕ್ಷಾರವಲ್ಲ. ಬಯಲುಸೀಮೆಯ ಗಡಸುನೀರಿನಲ್ಲಿ ಸಾಬೂನು ಬಿಳಿಯ ಕಸರಾಗಿ ಕೂದಲಿಗೆ ಮೆತ್ತಿಕೊಳ್ಳುವಂತೆ ಸೀಗೆಯ ನೊರೆ ಮೆತ್ತಿಕೊಳ್ಳದು. ಅಂಟುವಾಳವೊಂದನ್ನೇ ಬಳಸಿದರೆ ಕೂದಲು ಒರಟಾಗುವುದೆಂದು ಬಲ್ಲ ಗೃಹಿಣಿಯರು ಅದಕ್ಕೆ ಮೆಂತ್ಯವನ್ನೋ ದಾಸವಾಳದ ಲೋಳೆಯನ್ನೋ ಸೇರಿಸುತ್ತಿದ್ದರು. ತೊಳೆಯುವುದು ಒಂದು, ನುಣುಪಾಗಿಸುವುದು ಇನ್ನೊಂದು ಎಂಬ ಈ ಹಂಚಿಕೆಯೇ ಇಂದು ಶಾಂಪೂ, ಕಂಡೀಷನರ್ ಎಂದು ಎರಡು ಸೀಸೆಗಳಾಗಿ ಮಾರಾಟವಾಗುತ್ತಿದೆ.

ಇಲ್ಲಿ ಒಂದು ಮಾತು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನು 2018ರಲ್ಲಿ ಕಂಡವರು ನೆನಪಿಸಿಕೊಳ್ಳಲಿ. ಜಲ, ಎಳನೀರು, ಕಬ್ಬಿನರಸ, ಕ್ಷೀರಗಳ ಬಳಿಕ ಅಕ್ಕಿಹಿಟ್ಟು, ಅರಿಶಿನ, ಕಷಾಯ, ಶ್ರೀಗಂಧಗಳು ಮೂರ್ತಿಯ ಮೇಲಿಂದ ಹರಿದುಬಂದವು. ಸ್ನಾನವನ್ನೇ ತ್ಯಜಿಸಿದ ಮಹಾಪುರುಷನ ಶಿಲ್ಪಕ್ಕೆ ಗೃಹಸ್ಥರು ತಮ್ಮ ಮನೆಯ ಸ್ನಾನದ್ರವ್ಯಗಳನ್ನೇ ಭಕ್ತಿಯಿಂದ ಅರ್ಪಿಸುತ್ತಾರೆ. ಉತ್ತರದ ತೇರಾಪಂಥಿಗಳು ಜಲಾಭಿಷೇಕವೊಂದೇ ಸಾಕೆನ್ನುವರು. ಆ ಚರ್ಚೆ ಇಲ್ಲಿ ಪ್ರಕೃತವಲ್ಲ.

ಸಾಬೂನು ಬಂದಮೇಲೆ ‘ಯಾವುದರಿಂದ’ ಎಂಬ ಪ್ರಶ್ನೆ ಕಣ್ಣಿಗೆ ಮರೆಯಾಯಿತು. ಕೊಬ್ಬನ್ನು ಕ್ಷಾರದೊಡನೆ ಕುದಿಸಿದರೆ ಸಾಬೂನೂ ಗ್ಲಿಸರಿನ್ನೂ ಆಗುತ್ತವೆ. ಆ ಕೊಬ್ಬು ತೆಂಗಿನೆಣ್ಣೆಯಾಗಿರಬಹುದು, ಕಸಾಯಿಖಾನೆಯ ದನದ ಕೊಬ್ಬಾಗಿರಬಹುದು. ಬಿಲ್ಲೆಯನ್ನು ಮೂಸಿ ನೋಡಿ ಯಾರೂ ಹೇಳಲಾರರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಿಂದ ಹಡಗೇರಿ ಬಂದ ಬಿಲ್ಲೆಗಳನ್ನು ಮಡಿವಂತರು ಅನುಮಾನದಿಂದ ಕಂಡುದಕ್ಕೆ ಇದೇ ಕಾರಣ. ಮೊದಲನೆಯ ಮಹಾಯುದ್ಧದ ಸಮಯದಲ್ಲಿ ಶ್ರೀಗಂಧದ ಮರವನ್ನು ಯೂರೋಪಿಗೆ ಕಳುಹಿಸಲು ಅಡ್ಡಿಯಾದಾಗ ಮೈಸೂರು ಸಂಸ್ಥಾನವು ತಾನೇ ಗಂಧದೆಣ್ಣೆ ತೆಗೆಯಲು 1916ರಲ್ಲಿ ತೊಡಗಿತು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ, ರಸಾಯನಜ್ಞ ಎಸ್. ಜಿ. ಶಾಸ್ತ್ರಿಗಳ ಪರಿಶ್ರಮ ಇವು ಕೂಡಿ ಬಂದ ಫಲವದು. ಅದೇ ಸುಮಾರಿಗೆ ಮುಂಬಯಿಯಲ್ಲಿ ಗೋದ್ರೆಜರು ಪ್ರಾಣಿಕೊಬ್ಬಿಲ್ಲದ ಸಾಬೂನನ್ನು ಅದೇ ಹೆಗ್ಗಳಿಕೆಯಿಂದ ಮಾರುಕಟ್ಟೆಗೆ ತಂದರು. ಕೊಬ್ಬಿನ ಪ್ರಶ್ನೆ ಇಡೀ ದೇಶವನ್ನು ಕಲಕಿದ್ದು 1983ರಲ್ಲಿ. ವನಸ್ಪತಿಯಲ್ಲಿ ಆಮದಾದ ದನದ ಕೊಬ್ಬು ಬೆರೆತ ಸಂಗತಿ ಬಯಲಾಗಿ, ಸರ್ಕಾರವು ಅದರ ಆಮದನ್ನು ನಿಷೇಧಿಸಿತು. ಸೌಂದರ್ಯಸಾಧನಗಳಲ್ಲಿ ಪ್ರಾಣಿಮೂಲ ಇದೆಯೇ ಇಲ್ಲವೇ ಎಂಬುದನ್ನು ಕೊಳ್ಳುವವನಿಗೆ ತಿಳಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ 2002ರಲ್ಲಿ ಹೇಳಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ಬದಿಗಿರಿಸಿತು. 2014ರಲ್ಲಿ ಮಾತ್ರ ಒಂದು ನೆಮ್ಮದಿ ದೊರೆಯಿತು: ಸೌಂದರ್ಯಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನೂ, ಹಾಗೆ ಪರೀಕ್ಷಿಸಿದ ಪದಾರ್ಥಗಳ ಆಮದನ್ನೂ ಭಾರತವು ನಿಷೇಧಿಸಿತು. ಉಳಿದಂತೆ ಸಾಬೂನಿನ ಹೊದಿಕೆಯ ಹಿಂಬದಿಯ ಸಣ್ಣಕ್ಷರವೇ ಗತಿ. ‘ಟ್ಯಾಲೋವೇಟ್’ ಎಂದಿದ್ದರೆ ಅದು ಪ್ರಾಣಿಕೊಬ್ಬು; ‘ಪಾಮೇಟ್’ ಎಂದರೆ ತಾಳೆ, ‘ಕೊಕೊಯೇಟ್’ ಎಂದರೆ ತೆಂಗು.

ಈ ಕಾರಣದಿಂದಲೇ ಇತ್ತೀಚಿನ ವರ್ಷಗಳಲ್ಲಿ ಅನೇಕ ಶ್ರಾವಿಕೆಯರು ಮನೆಯಲ್ಲಿಯೇ ಲೇಪ, ತೈಲ, ಸಾಬೂನುಗಳನ್ನು ಸಿದ್ಧಪಡಿಸತೊಡಗಿರುವುದು ಸಂತೋಷದ ವಿಷಯ. ಆದರೆ ಮನೆಯಲ್ಲಿ ಮಾಡಿದ್ದೆಲ್ಲ ನಿರ್ದೋಷವೆಂಬ ಭ್ರಮೆ ಬೇಡ. ತುಟಿಲೇಪವನ್ನು ಗಟ್ಟಿಗೊಳಿಸಲು ಸಾಮಾನ್ಯವಾಗಿ ಬಳಸುವುದು ಜೇನುಮೇಣ. ಕ್ರೀಮಿಗೆ ಹಾಕುವ ಸ್ಟಿಯರಿಕ್ ಆಮ್ಲ, ಗ್ಲಿಸರಿನ್‌ಗಳು ಸಸ್ಯದಿಂದಲೂ ಬರುತ್ತವೆ, ಪ್ರಾಣಿಕೊಬ್ಬಿನಿಂದಲೂ ಬರುತ್ತವೆ. ಮಾರುವವನನ್ನು ಕೇಳದೆ ತಿಳಿಯದು. ಲ್ಯಾನೋಲಿನ್ ಕುರಿಯ ಉಣ್ಣೆಯ ಜಿಡ್ಡು. ಕಾರ್ಮೈನ್ ಎಂಬ ಕೆಂಪು ಒಂದು ಬಗೆಯ ಕೀಟವನ್ನು ಒಣಗಿಸಿ ಪುಡಿಮಾಡಿದ್ದು. ಇವುಗಳಿಗೆ ಪರ್ಯಾಯವಿಲ್ಲವೆಂದಲ್ಲ. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಹಿಮ್ಮಡಿಯೊಡಕಿಗೆ ಹಚ್ಚುವ ಮುರುಗಲ ತುಪ್ಪವು ಮುರುಗಲ ಹಣ್ಣಿನ ಬೀಜದಿಂದ ಬಂದುದು. ಕೋಣೆಯ ಶಾಖದಲ್ಲಿ ಗಟ್ಟಿಯಾಗಿಯೇ ಇದ್ದು ಮೈಯ ಬಿಸಿಗೆ ಕರಗತೊಡಗುತ್ತದೆ. ತೆಂಗಿನೆಣ್ಣೆಯಲ್ಲಿ ಇದನ್ನು ಕರಗಿಸಿ ಆರಿಸಿದರೆ ಜೇನುಮೇಣದ ಹಂಗಿಲ್ಲದ ಲೇಪ ಸಿದ್ಧ. ಬೇಸಿಗೆಯಲ್ಲಿ ತುಪ್ಪದ ಪಾಲನ್ನು ಹೆಚ್ಚಿಸಬೇಕು, ಚಳಿಗಾಲದಲ್ಲಿ ತಗ್ಗಿಸಬೇಕು. ಕಾಸ್ಟಿಕ್ ಸೋಡದಿಂದ ಸಾಬೂನು ಮಾಡುವವರು ಅದು ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತುವೆಂಬುದನ್ನು ಮರೆಯದೆ ಕೈಗವಸು ಧರಿಸಬೇಕು, ಸೋಡವನ್ನು ನೀರಿಗೆ ಹಾಕಬೇಕೇ ಹೊರತು ಸೋಡದ ಮೇಲೆ ನೀರು ಸುರಿಯಬಾರದು. ಮಕ್ಕಳಿರುವ ಅಡುಗೆಮನೆ ಆ ಕೆಲಸಕ್ಕೆ ತಕ್ಕ ಸ್ಥಳವಲ್ಲ.

ಇದಕ್ಕಿಂತ ಮುಖ್ಯವಾದುದು ಮರ್ಯಾದೆಯ ವಿಷಯ. ನಮ್ಮ ಅಡುಗೆಮನೆಗಳಲ್ಲಿ ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನ ಎಂಬ ಕಾಲಮಿತಿ ನಡೆದುಬಂದಿದೆ. ಸೋಸಿದ ನೀರಿಗೆ ಒಂದು ಮುಹೂರ್ತ, ಎಂದರೆ 48 ನಿಮಿಷ; ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ತೇವವಿದ್ದಲ್ಲಿ ಜೀವೋತ್ಪತ್ತಿ ಎಂಬುದು ಇದರ ಹಿಂದಿನ ವಿಚಾರ. ಸೌಂದರ್ಯಸಾಧನಗಳನ್ನು ತಯಾರಿಸುವ ಇಂದಿನ ತಜ್ಞರು ಹೇಳುವುದೂ ಬೇರೆಯಲ್ಲ: ನೀರಿಲ್ಲದ ಪುಡಿ, ಎಣ್ಣೆಗಳು ಬಹುಕಾಲ ನಿಲ್ಲುತ್ತವೆ, ನೀರು ಸೇರಿದ ಕ್ಷಣದಿಂದ ಸಂರಕ್ಷಕವಿಲ್ಲದ ಲೇಪದಲ್ಲಿ ಬ್ಯಾಕ್ಟೀರಿಯ, ಬೂಸ್ಟುಗಳು ಬೆಳೆಯತೊಡಗುತ್ತವೆ. ಕೆಟ್ಟ ಲೇಪ ಚರ್ಮಕ್ಕೂ ಕೇಡು, ವ್ರತಕ್ಕೂ ಕೇಡು. ಆದುದರಿಂದ ಸೀಗೆಪುಡಿಯನ್ನು ಒಣಗಿದ ಡಬ್ಬಿಯಲ್ಲಿಟ್ಟು, ಅಂದಂದಿಗೆ ಬೇಕಾದಷ್ಟನ್ನೇ ಸೋಸಿದ ಬಿಸಿನೀರಿನಲ್ಲಿ ಕಲಸಿ, ಉಳಿಸದೆ ಬಳಸುವ ಹಳೆಯ ಪದ್ಧತಿಯೇ ಉತ್ತಮ. ಕೂದಲು ಬೆಳೆಯಲೆಂದು ಅಕ್ಕಿ ತೊಳೆದ ನೀರನ್ನು ಎರಡು ಮೂರು ದಿನ ಹುಳಿಯಿಸಿ ಹಚ್ಚುವ ಹೊಸ ಚಾಳಿ ಹಬ್ಬಿದೆ. ಹುಳಿತ ಪದಾರ್ಥವು ಚಲಿತರಸವೆಂದು ಊಟದಲ್ಲಿ ಬಿಡುವವರು ತಲೆಗೆ ಹಾಕುವ ಮುನ್ನವೂ ಯೋಚಿಸಬೇಡವೇ?

ಇಂತಹ ಸಂದೇಹಗಳು ಇನ್ನೂ ಇವೆ. ಲೋಳೆಸರವು ಎಲ್ಲ ಲೇಪಗಳಲ್ಲಿಯೂ ಮೆಚ್ಚಿನ ದ್ರವ್ಯ. ಶ್ವೇತಾಂಬರ ಸಂಪ್ರದಾಯದ ಮೂವತ್ತೆರಡು ಅನಂತಕಾಯಗಳ ಪಟ್ಟಿಯಲ್ಲಿ ಹಸಿಶುಂಠಿ, ಹಸಿ ಅರಿಶಿನಗಳ ಜೊತೆಗೆ ಅದೂ ಇದೆ. ಒಣಗಿದ ಅರಿಶಿನಕ್ಕೆ ಆ ದೋಷವಿಲ್ಲ. ಕಡಲೆಹಿಟ್ಟಿಗೆ ಹಸಿಯ ಮೊಸರು ಬೆರೆಸಿ ಮುಖಕ್ಕೆ ಹಚ್ಚುವುದು ಮನೆಮನೆಯ ರೂಢಿ. ಊಟದಲ್ಲಾದರೆ ಇದನ್ನೇ ದ್ವಿದಳವೆಂದು ವರ್ಜಿಸುತ್ತೇವೆ. ಜೊಲ್ಲು ಸೋಕಿದಾಗ ಮಾತ್ರ ಜೀವೋತ್ಪತ್ತಿಯೆಂಬ ಮತವೂ, ಬೆರೆತಾಗಲೇ ಎಂಬ ಮತವೂ ಉಂಟು. ತಮ್ಮ ತಮ್ಮ ಗುರುಪರಂಪರೆಯಂತೆ ನಡೆಯುವುದು ಸರಿ. ಸಂದೇಹವೇ ಬೇಡವೆನ್ನುವವರಿಗೆ ಆನಂದನ ಗೋಧಿಹಿಟ್ಟು ಇದ್ದೇ ಇದೆ.

ಕೊನೆಯದಾಗಿ ಬಸದಿಗಳ ವಿಶ್ವಸ್ತರಲ್ಲಿ ಒಂದೆರಡು ನಿವೇದನೆ. ಕ್ಷೇತ್ರದ ಯಾತ್ರಿನಿವಾಸಗಳಲ್ಲಿ ಇಡುವ ಸಣ್ಣ ಸಾಬೂನುಗಳನ್ನು ಬೆಲೆಯೊಂದನ್ನೇ ನೋಡಿ ಸಗಟಾಗಿ ಕೊಳ್ಳದೆ, ಅವುಗಳ ಕೊಬ್ಬು ಯಾವ ಮೂಲದ್ದೆಂದು ಸರಬರಾಜುದಾರರಿಂದ ಬರವಣಿಗೆಯಲ್ಲಿ ಪಡೆಯಬೇಕು. ಕ್ಷೇತ್ರದ ಮಳಿಗೆಯಲ್ಲಿ ಮಹಿಳಾ ಮಂಡಲಗಳು ತಯಾರಿಸಿದ ತೈಲ, ಲೇಪಗಳನ್ನು ಮಾರುವುದಾದರೆ, ಸ್ವಂತ ಬಳಕೆಗೆ ಬೇಡದ ಪರವಾನಗಿ ಮಾರಾಟಕ್ಕೆ ಬೇಕೆಂಬುದನ್ನು ತಿಳಿದಿರಬೇಕು. 1940ರ ಔಷಧ ಮತ್ತು ಸೌಂದರ್ಯಸಾಧನಗಳ ಕಾಯಿದೆಯೂ 2020ರ ಸೌಂದರ್ಯಸಾಧನಗಳ ನಿಯಮಗಳೂ ಇದಕ್ಕೆ ಅನ್ವಯಿಸುತ್ತವೆ. ಸೀಸೆಯ ಮೇಲಿನ ಚೀಟಿಯಲ್ಲಿ ಕಾಯಿದೆ ಕೇಳುವ ವಿವರಗಳೊಡನೆ ಪ್ರತಿಯೊಂದು ದ್ರವ್ಯದ ಮೂಲವನ್ನೂ, ತಯಾರಿಸಿದ ದಿನವನ್ನೂ, ಬಳಸಬಹುದಾದ ಅವಧಿಯನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿದರೆ, ಕೊಳ್ಳುವ ಶ್ರಾವಕನು ಅಂಗಡಿಯಲ್ಲಿ ನಿಂತೇ ತನ್ನ ನಿಯಮಕ್ಕೆ ಅದು ಹೊಂದುವುದೋ ಇಲ್ಲವೋ ಎಂದು ನಿರ್ಧರಿಸಬಲ್ಲನು.